ಒಳಗೆ ತುಂಬಿದ ಸೊಪ್ಪು

ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಎನಿಡ್‌ಳ ಕೈಯಿಂದ ಮ್ಯೂರಿಯಲ್ ಚಾಕು ಕಿತ್ತುಕೊಂಡಳು.

“ಗಂಡನ್ನ ಈಗ ತಾನೇ ಮಣ್ಣು ಮಾಡಿ ಬಂದಿದೀಯ. ಸುಮ್ನೆ ಕೂತ್ಕೊ. ಬೆಣ್ಣೆ ಇಲ್ದಿದ್ರೆ ಬಂದೋರು ಯಾರೂ ಸಾಯಲ್ಲ.”

ಪಕ್ಕದ ಮನೆಯ ಮ್ಯೂರಿಯಲ್‌ಗೆ ಎದುರಾಡಿ ಗೆದ್ದವರಿಲ್ಲ. ಎನಿಡ್ ಕೂತಳು. ಚರ್ಚಿನ ಪಕ್ಕದ ಕೋಣೆಯಲ್ಲಿ ಅರ್ಧ ಊರೇ ಸೇರಿತ್ತು. ಎಲ್ಲರ ಬಾಯಲ್ಲೂ ಒಂದೇ ಕೊರಗು. ಹೊರೇಸ್ ಹೋದನಲ್ಲ ಅಂತಲ್ಲ, ಅವನ ಕೈಯ ಸೊಪ್ಪು ತುಂಬಿದ ಹಂದಿಮಾಂಸ ಹೋಯಿತಲ್ಲ ಅಂತ. ಲಿಂಕನ್‌ಶೈರಿನ ಆ ಕರಾವಳಿಯಲ್ಲಿ ಅಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿರಲಿಲ್ಲ.

“ಪಾರ್ಸ್ಲಿ ಸೊಪ್ಪಿನ ಜೊತೆ ಇನ್ನೇನೋ ಹಾಕ್ತಿದ್ದ ಮಹರಾಯ,” ಎಂದ ಮೀನುಗಾರ ಸೆಡ್ರಿಕ್. “ನಿಂಗೂ ಹೇಳ್ಲಿಲ್ವಾ, ಎನಿಡ್?”

“ಇಲ್ಲ.”

* * *

ಪ್ರತಿ ಮೇ ತಿಂಗಳು ಹೊರೇಸ್ ಉಪ್ಪು ಹಿಡಿದ ಮಾಂಸವನ್ನು ಮೇಜಿನ ಮೇಲಿಟ್ಟು ಆಳವಾಗಿ ಸೀಳುತ್ತಿದ್ದ. ಸೊಪ್ಪು ಹೆಚ್ಚುವ ಹೊತ್ತಿಗೆ ಹೆಂಡತಿಯನ್ನು ಅಡುಗೆಮನೆಯಿಂದ ಆಚೆ ಕಳಿಸುತ್ತಿದ್ದ. ಅವನ ಮನೆತನದ ಪದ್ಧತಿ ಅದು. ಮದುವೆಯಾದ ಹೊಸತರಲ್ಲಿ ಎನಿಡ್‌ಗೆ ನಗು ಬರುತ್ತಿತ್ತು, ಆಮೇಲಾಮೇಲೆ ಮೈ ಉರಿಯುತ್ತಿತ್ತು. ಬಟ್ಟೆ ಸುತ್ತಿ ಬೇಯಿಸುವುದು, ಪಾತ್ರೆ ತಿಕ್ಕುವುದು ಮಾತ್ರ ಅವಳ ಪಾಲು.

“ನಮ್ಮ ರಕ್ತದೋರಿಗೆ ಬಿಟ್ಟು ಯಾರಿಗೂ ಹೇಳೋ ಹಾಗಿಲ್ಲ ಕಣೇ,” ಎನ್ನುತ್ತಿದ್ದ. “ಮಗು ಅಂತ ಒಂದಾಗಿದ್ರೆ ಹೇಳ್ತಿದ್ದೆ.”

ಆಗಲಿಲ್ಲ. ತಪ್ಪು ತನ್ನದೇ ಎಂದು ಎನಿಡ್ ಬಾಯಿ ಮುಚ್ಚಿಕೊಂಡಳು. ಅವನು ಹಾಸಿಗೆ ಹಿಡಿದ ಮೇಲೂ ಒಮ್ಮೆ ಬೇಡಿಕೊಂಡಳು, ನನಗೊಬ್ಬಳಿಗಾದರೂ ಹೇಳಿ ಹೋಗು ಅಂತ. ಅವನು ಗೋಡೆಯ ಕಡೆ ಹೊರಳಿ ಮಲಗಿದ.

* * *

ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ತಟ್ಟೆ ಹಿಡಿದು ಚರ್ಚಿನ ಕೋಣೆಗೆ ಬಂದಳು. ಕಾರಿನ್ ಅಂತ, ಗ್ರಿಮ್ಸ್‌ಬಿಯಿಂದ ಬಂದೆ ಎಂದು ಮ್ಯೂರಿಯಲ್‌ಗೆ ಹೇಳಿ, ಮುಚ್ಚಿದ ಬಟ್ಟೆ ತೆಗೆದಳು. ಗುಲಾಬಿ ಬಣ್ಣದ ಮಾಂಸ, ನಡುನಡುವೆ ಹಸಿರು ಗೆರೆ.

“ಇಗೋ, ಯಾರೋ ಪುಣ್ಯಾತ್ಗಿತ್ತಿ ಮಾಡ್ಕೊಂಡೇ ಬಂದಿದಾಳೆ.” ಮ್ಯೂರಿಯಲ್ ಒಂದು ತುಂಡಿನ ಮೇಲೆ ವಿನೆಗರ್ ಚಿಮುಕಿಸಿ ಎನಿಡ್ ಮುಂದಿಟ್ಟಳು.

ಎನಿಡ್ ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಕಟ್ಟಿ ತಿನ್ನಿಸಿದ್ದರೂ ಹೇಳುತ್ತಿದ್ದಳು, ಇದು ಹೊರೇಸನದೇ ರುಚಿ.

“ಯಾರು ಕಲಿಸಿದ್ದು ನಿಂಗೆ?”

“ಅಪ್ಪ.” ಕಾರಿನ್‌ಳ ಕಣ್ಣು ತುಂಬಿತು. “ಅದೇ, ಹೊರೇಸ್. ನನ್ನ ವಿಷಯ ನಿಮಗೆ ಹೇಳಿದೀನಿ ಅಂತಿದ್ರು. ಹೇಳಿರ್ಲಿಲ್ವಾ?”

ಸೆಡ್ರಿಕ್ ಚಹಾದ ಕಪ್ಪನ್ನು ಕೆಳಗಿಟ್ಟ. ಇಷ್ಟು ವರ್ಷ ಮಗುವಿಲ್ಲವೆಂಬ ತಪ್ಪನ್ನು ನನ್ನ ಮೇಲೆ ಹಾಕಿ ನೋಯಿಸಿದನಲ್ಲ ದ್ರೋಹಿ, ಎಂದುಕೊಂಡಳು ಎನಿಡ್. ಆದರೂ ದನಿ ಏರಲಿಲ್ಲ.

“ಪಾರ್ಸ್ಲಿ ಜೊತೆ ಏನೇನು ಹಾಕ್ದೆ?”

ಕಾರಿನ್ ತಲೆ ತಗ್ಗಿಸಿದಳು. “ತಪ್ಪು ತಿಳ್ಕೋಬೇಡಿ. ಹೊರಗಿನೋರಿಗೆ ಹೇಳಲ್ಲ ಅಂತ ಅಪ್ಪಂಗೆ ಮಾತು ಕೊಟ್ಟಿದೀನಿ.”

ಎನಿಡ್ ಫೋರ್ಕಿನ ತುದಿಯಿಂದ ಸೀಳಿನೊಳಗಿನ ಹಸಿರನ್ನು ಹೊರಗೆಳೆದಳು. ತಟ್ಟೆಯ ಅಂಚಿನಲ್ಲಿ ಅದನ್ನು ಬಿಡಿಸಿ ಹರಡಿ, ಬೆಂದು ಮೆತ್ತಗಾದ ಎಲೆಯ ಚೂರುಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯತೊಡಗಿದಳು. ಕೋಣೆಯವರೆಲ್ಲ ನೋಡುತ್ತಿದ್ದರು.