ಏಳು ಸಿಂಪಿಗಳಿಗೆ ತವರಿನ ನೀರು

ಏಳು ಕಡಲುಗಳನ್ನು ಬೊಗಸೆಯಲ್ಲಿ ಹಿಡಿದೂ ಒಂದು ಹನಿಯನ್ನು ಹೊರಗೆ ತುಳುಕಿಸದವನು, ಆ ಕಡಲ ತಳದಲ್ಲಿ ಮಾತು ಬಾರದ ಜೀವಕ್ಕೂ ಎರಡು ಕದಗಳ ಮನೆ ಕಟ್ಟಿಕೊಟ್ಟವನು, ಕರುಣಾಸಮುದ್ರನಾದ ಆ ಪರಮೇಶ್ವರನು ಈ ಕಿರುಗಥೆಯ ಮೊದಲಲ್ಲಿ ನಿಂತು, ಹೇಳುವ ನಾಲಿಗೆ ಎಡವದಂತೆಯೂ ಕೇಳುವ ಕಿವಿ ದಣಿಯದಂತೆಯೂ ನೋಡಿಕೊಳ್ಳಲಿ.

ತುಕಾರಾಮನ ಎಡಗಾಲು ನೇರಳೆ ನೀರಿನ ಬೋಗುಣಿಯಲ್ಲಿಯೂ ಬಲಗಾಲು ಇನ್ನೂ ಚಪ್ಪಲಿಯಲ್ಲಿಯೂ ಇದ್ದ ಹೊತ್ತಿಗೆ ಸರಿಯಾಗಿ ಅವನ ಜೇಬಿನ ಮೊಬೈಲು ಹೊಡೆದುಕೊಂಡಿತು. ಕಾಲೇಜಿನ ಆ ಕೋಣೆಯೊಳಕ್ಕೆ ಯಾರೇ ಹೋಗಲಿ, ಹೊಸ್ತಿಲ ಮುಂದಿನ ಔಷಧದ ನೀರಿನಲ್ಲಿ ಕಾಲದ್ದಿ, ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದೇ ಹೋಗಬೇಕೆಂಬುದು ಕಟ್ಟಳೆ. ಒಂಟಿಕಾಲಿನ ತಪಸ್ವಿಯಂತೆ ನಿಂತು ಅವನು ಫೋನೆತ್ತಿದ. ಅತ್ತ ಕಡೆಯಿಂದ ಹೆಂಡತಿ ಶೇವಂತಾ.

"ಏನ್ರೀ, ಅವ್ವ ನಿನ್ನೆ ರಾಮೇಶ್ವರದಿಂದ ಬಂದಾಳ."

"ಛಲೋ ಆತು. ಆರಾಮ ಅದಾರಿಲ್ಲ?"

"ಎಲ್ಲೀ ಆರಾಮ್ರೀ, ಕಾಲು ನಿಂದ್ರವಲ್ವು. ಮುಂಜಾನಿ ಕಮಲಾಪುರದಾಗ ಬಸ್ ಹತ್ಯಾಳ. ಸೀದಾ ನಿಮ್ಮ ಕಾಲೇಜಿಗೇ ಬರಾಕತ್ತಾಳ, ಉಡಿ ತುಂಬಾಕ."

"ಯಾರಿಗಿ? ಹಾಜಿರಾ ಮೇಡಮ್ಮಗ?"

"ನಿಮ್ಮ ಸಿಂಪಿಗೋಳಿಗ್ರಿ! ಏಳು ಸಿಂಪಿಗಿ ಏಳು ಕುಬಸದ ಖಣ ತಗೊಂಡಾಳ. ಮ್ಯಾಲ ಒಂದು ಕ್ಯಾನ್ ಸಮುದ್ರದ ನೀರು."

ತುಕಾರಾಮನ ಬಲಗಾಲು ಚಪ್ಪಲಿಯ ಸಮೇತ ಬೋಗುಣಿಗೆ ಇಳಿಯಿತು.

ಕಲಬುರಗಿಯಲ್ಲಿ ಬಿಸಿಲಿದೆ, ಕೋಟೆಯಿದೆ, ದರ್ಗಾ ಇದೆ, ದೇವಸ್ಥಾನಗಳಿವೆ; ಸಮುದ್ರವೊಂದಿಲ್ಲ. ಆ ಕೊರತೆಯೇ ಏಳು ಸಿಂಪಿಗಳನ್ನು ಖೂಬಾ ಪ್ಲಾಟಿನ ಸಮೀಪದ ಈ ಕಾಲೇಜಿಗೆ ಕರೆತಂದಿತ್ತು. ಮೊಳದುದ್ದ ಬೆಳೆದು, ಚೂಪಾದ ತುದಿಯನ್ನು ಮರಳಿನಲ್ಲಿ ಹೂತು, ಅರೆ ಮಡಿಸಿದ ಬೀಸಣಿಗೆಯಂತೆ ನೆಟ್ಟಗೆ ನಿಲ್ಲುವ ಈ ಚಿಪ್ಪಿನ ಜೀವಗಳ ಕುಲಕ್ಕೆ ಕರಾವಳಿಯಲ್ಲಿ ರೋಗ ತಗುಲಿತ್ತು. ಕಣ್ಣಿಗೆ ಕಾಣದ ರೋಗಾಣು ಕಡಲ ನೀರಿನ ಜೊತೆಗೇ ಹರಿದು, ಹೋದಲ್ಲೆಲ್ಲ ಬರಿಯ ಚಿಪ್ಪುಗಳನ್ನು ಉಳಿಸಿ ಮುಂದೆ ಸಾಗುತ್ತಿತ್ತು. ರೋಗ ತಗುಲದ ಏಳನ್ನು ಆರಿಸಿ, ಕಡಲಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಇಟ್ಟು ಬದುಕಿಸಬೇಕೆಂಬ ಯೋಜನೆಗೆ ಪ್ರಾಣಿಶಾಸ್ತ್ರದ ಡಾಕ್ಟರ್ ಹಾಜಿರಾ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಕಡಲ ಮಕ್ಕಳನ್ನು ಕಡಲಿನಿಂದಲೇ ಕಾಯಬೇಕಾದ ವಿಚಿತ್ರ ಕಾಲವದು.

ಅಗಸ್ತ್ಯಮಹರ್ಷಿ ಸಮುದ್ರವನ್ನು ಒಂದೇ ಆಪೋಶನದಲ್ಲಿ ಕುಡಿದನೆಂದು ಪುರಾಣ ಹೇಳುತ್ತದೆ. ತುಕಾರಾಮ ಅದನ್ನು ಪ್ರತಿ ಸೋಮವಾರ ಬಕೆಟ್ಟಿನಲ್ಲಿ ಕಲಸುತ್ತಿದ್ದ. ಶುದ್ಧೀಕರಿಸಿದ ನೀರಿಗೆ ಚೀಲದ ಉಪ್ಪನ್ನು ತೂಗಿ ಹಾಕಿ, ಕೋಲಿನಿಂದ ತಿರುವಿ, ಉಪ್ಪು ಅಳೆಯುವ ಯಂತ್ರವು ಅಂಕಿ ತೋರಿಸುವ ಮೊದಲೇ ಒಂದು ಹನಿಯನ್ನು ನಾಲಿಗೆಯ ಮೇಲಿಟ್ಟು "ಬರೋಬ್ಬರ್ ಆಗ್ಯಾದ" ಎಂದು ತೀರ್ಪು ಕೊಡುತ್ತಿದ್ದ. ಯಂತ್ರ ಅವನ ಮಾತನ್ನು ಹೆಚ್ಚಾಗಿ ಒಪ್ಪುತ್ತಿತ್ತು. ಇಪ್ಪತ್ತಾರು ವರ್ಷ ಗಂಟೆ ಬಾರಿಸಿದ, ಫೈಲು ಹೊತ್ತ, ಸಮುದ್ರವನ್ನು ಕಣ್ಣಾರೆ ಕಾಣದ ಈ ಜವಾನನಿಗೆ ಈಗ ಒಂದು ಸಮುದ್ರದ ಉಸ್ತುವಾರಿ ದಕ್ಕಿತ್ತು. ಕಾಲೇಜಿನಲ್ಲಿ ಸರಿಯಾಗಿ ನಡೆಯುವ ಒಂದೇ ಒಂದು ತಂಪು ಯಂತ್ರವನ್ನು ಪ್ರಾಂಶುಪಾಲರ ಕೋಣೆಯಿಂದ ಕಿತ್ತು ಸಿಂಪಿಗಳಿಗೆ ಜೋಡಿಸಿದ ದಿನ, ಬೆವರೊರೆಸಿಕೊಳ್ಳುತ್ತಿದ್ದ ಪ್ರಾಂಶುಪಾಲರ ಮುಂದೆ ಅವನು ನಡೆದುಹೋದ ಠೀವಿಯನ್ನು ನೋಡಿದವರು ಈಗಲೂ ನೆನೆಯುತ್ತಾರೆ.

ಈ ಠೀವಿಯೇ ಇಂದಿನ ಆಪತ್ತಿನ ಬೇರು. ಎರಡು ತಿಂಗಳ ಹಿಂದೆ ಕಮಲಾಪುರದ ಅತ್ತೆಯ ಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದ ಹದವಾದ ಗಳಿಗೆಯಲ್ಲಿ ಅವನು ಸಿಂಪಿಗಳ ವರ್ಣನೆಗೆ ತೊಡಗಿದ್ದ. "ತವರು ಬಿಟ್ಟು ಬಂದ ಹೆಣ್ಣಮಕ್ಕಳಿದ್ದಂಗ ಅದಾವ್ರಿ ಅತ್ತಿಯಾರ. ನನ್ನ ಬಿಟ್ಟರ ಅವಕ್ಕ ಯಾರೂ ಇಲ್ಲ" ಎಂದಿದ್ದ. ರೋಗದ ಮಾತನ್ನು ಮಾತ್ರ ಎತ್ತಿರಲಿಲ್ಲ. ಸಮುದ್ರಾಧಿಪತಿಯ ವೈಭವವನ್ನು ಹೇಳುವಾಗ ರೋಗಿಗಳ ಕಥೆ ನಡುವೆ ಬಂದರೆ ಶೋಭೆಯಲ್ಲವೆಂದು ಅವನಿಗೆ ತೋರಿತ್ತು. ಅತ್ತೆ ಅಂಬಮ್ಮ ಕೇಳುತ್ತ ಕೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ತವರಿನಿಂದ ಉಡಿ ಬಾರದ ಹೆಣ್ಣು ಎಂಬುದು ಅವಳ ಎದೆಯನ್ನು ನೇರವಾಗಿ ಮುಟ್ಟುವ ಸಂಗತಿ. ಅದಕ್ಕೆ ಅವಳದೇ ಆದ ಕಾರಣವಿತ್ತು.

ತುಕಾರಾಮ ಗೇಟಿಗೆ ಓಡುವಷ್ಟರಲ್ಲಿ ಆಟೋ ಬಂದು ನಿಂತೇಬಿಟ್ಟಿತು. ಮೊದಲು ಇಳಿದದ್ದು ಐದು ಲೀಟರಿನ ಬಿಳಿಯ ಕ್ಯಾನು. ಅದರ ಕೊರಳಿಗೆ ಸೇವಂತಿಗೆ ಮಾಲೆ, ಹೊಟ್ಟೆಗೆ ಅರಿಶಿನ ಕುಂಕುಮ. ಬಳಿಕ ಇಳಿದದ್ದು ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆ. ಕೊನೆಗೆ ಇಳಕಲ್ ಸೀರೆಯ ಅಂಬಮ್ಮ.

"ಅಳಿಯಂದ್ರ, ಎಲ್ಲಿ ಅದಾವ್ರಿ ನನ್ನ ಕೂಸುಗೋಳು?"

"ಅತ್ತಿಯಾರ, ಮೊದಲ ಕೂಡ್ರಿ, ಚಹಾ ಕುಡೀರಿ…"

"ಚಹಾ ನನ್ನ ಮನ್ಯಾಗೂ ಅದ. ಅಗ್ನಿತೀರ್ಥದಾಗ ಎದಿಮಟ ನಿಂತು ತುಂಬೀನ್ರೀ ಈ ನೀರು. ಎರಡು ದಿನದ ಬಸ್ಸಿನ್ಯಾಗ ಕೆಳಗ ಇಟ್ಟಿಲ್ಲ, ತೊಡಿಮ್ಯಾಲೇ ಇಟಗೊಂಡು ಬಂದೀನಿ. ಪಕ್ಕದ ಸೀಟಿನಾಕಿ 'ಮೊಮ್ಮಗನೇನ್ರಿ?' ಅಂತ ಕೇಳಿದ್ಳು."

ಸದ್ದು ಕೇಳಿ ಹಾಜಿರಾ ಹೊರಬಂದರು. ಕ್ಯಾನನ್ನು ನೋಡಿ, ಮಾಲೆಯನ್ನು ನೋಡಿ, ತುಕಾರಾಮನ ಮುಖವನ್ನು ನೋಡಿದರು. ಆ ಮುಖದಲ್ಲಿ ಎಲ್ಲವೂ ಬರೆದಿತ್ತು. ಅವರು ವರಾಂಡದಲ್ಲೇ ಕುರ್ಚಿ ಹಾಕಿಸಿ, ಅಂಬಮ್ಮನ ಎದುರು ತಾವೂ ಕುಳಿತು, ಮೆಲ್ಲನೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕೇಳುತ್ತ ಹೋದಂತೆ ಅಂಬಮ್ಮನ ಹುಬ್ಬು ಮೇಲೇರಿತು.

"ಸಮುದ್ರಕ್ಕ ಬ್ಯಾನಿ ಬಂದದ ಅಂತೀರೇನವ್ವ? ರಾಮದೇವ್ರು ಮಿಂದ ನೀರಿಗಿ?"

"ನೀರಿನ ತಪ್ಪಲ್ಲ ಅಮ್ಮಾ. ಅದರಾಗ ಕಣ್ಣಿಗಿ ಕಾಣದ ಜಂತು ಇರಬಹುದು. ಒಂದು ಹನಿ ಸಾಕು, ಏಳೂ ಹೋಗ್ತಾವ."

"ನಾ ಮೂರು ಬೊಗಸಿ ಕುಡದೀನಿ. ನನಗೇನಾಗ್ಯಾದ?"

"ನೀವು ಸಿಂಪಿ ಅಲ್ಲಲ್ಲ ಅಮ್ಮಾ."

ಅಂಬಮ್ಮ ಒಂದು ಕ್ಷಣ ಇದನ್ನು ತೂಗಿ ನೋಡಿದಳು. ಮಾತಿನಲ್ಲಿ ದೋಷ ಸಿಗಲಿಲ್ಲವಾದ್ದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು. ಹಾಜಿರಾ ಹೇಳಿದರು: "ನಮ್ಮ ಮಾಮು ಹಜ್‌ನಿಂದ ಜಮ್ಜಮ್ ಬಾವಿ ನೀರು ತಂದಿದ್ರು. ಈ ಬೇಜುಬಾನ್, ಮಾತು ಬಾರದ ಜೀವಗಳ ಮ್ಯಾಲ ಒಂದು ಹನಿ ಹಾಕು ಬೇಟಿ ಅಂದ್ರು. ಅವರನ್ನೂ ಇದೇ ಕುರ್ಚಿ ಮ್ಯಾಲ ಕೂಡ್ಸಿ, ಚಹಾ ಕುಡಿಸಿ, ಹಂಗೇ ಕಳಿಸೀನಿ."

"ಕುಡದ್ರೇನು?"

"ಎರಡು ಕಪ್ ಕುಡದ್ರು."

"ನಾ ಕುಡಿಯಾಂಗಿಲ್ಲ" ಎಂದು ಅಂಬಮ್ಮ ಎದ್ದಳು. "ತವರಿನ ನೀರು ಮುಟ್ಟಿದ್ರ ಹೆಣ್ಣು ಸಾಯ್ತಾಳ ಅಂತ ನನ್ನ ಜನ್ಮದಾಗ ಕೇಳಿಲ್ಲ. ಒಂದು ಚಮಚ ಹಾಕ್ತೀನಿ, ಉಡಿ ತುಂಬ್ತೀನಿ, ಹೋಗ್ತೀನಿ." ಕ್ಯಾನಿನ ಮುಚ್ಚಳ ತಿರುಗಿತು. ಕಡಲಿನ ವಾಸನೆ, ಕಲಬುರಗಿಯ ಆ ವರಾಂಡಕ್ಕೆ ಹುಟ್ಟಿದಾರಭ್ಯ ಪರಿಚಯವಿಲ್ಲದ ವಾಸನೆ, ಮೆಲ್ಲನೆ ಹೊರಬಂತು. ಅವಳು ಬಾಗಿಲಿನತ್ತ ನಡೆದಳು.

ತುಕಾರಾಮ ಓಡಿಹೋಗಿ ಎರಡೂ ಕೈಗಳನ್ನು ಚೌಕಟ್ಟಿಗೆ ಆನಿಸಿ ಬಾಗಿಲ ತುಂಬ ನಿಂತ. ಇಪ್ಪತ್ತೆರಡು ವರ್ಷದ ಅಳಿಯತನದಲ್ಲಿ ಅವನು ಅತ್ತೆಗೆ ಎದುರಾಡಿದವನಲ್ಲ. ಬದನೆಕಾಯಿ ಒಲ್ಲೆನೆಂದು ಕೂಡ ಹೇಳಿದವನಲ್ಲ. ಬೆನ್ನ ಹಿಂದೆ ಗಾಳಿಯ ಗುಳ್ಳೆಗಳು ಏಳುವ ಸದ್ದು ಕೇಳಿಸುತ್ತಿತ್ತು. ಆ ಏಳೂ ಬಾಯಿ ತೆರೆದು ಅವನನ್ನೇ ನಂಬಿ ನಿಂತಿದ್ದವು. ಎದುರಿಗೆ ಮುಚ್ಚಳ ತೆರೆದ ಕ್ಯಾನು.

"ಸರೀರಿ ಅಳಿಯಂದ್ರ."

"ಅತ್ತಿಯಾರ," ಎಂದ ಅವನು, "ರಾಮಣ್ಣ ಮಾವ ಕಂದು ತಂದಾಗ ನೀವು ಯಾಕ ಒಲ್ಲೆ ಅಂದ್ರಿ?"

ಈ ಹೆಸರನ್ನು ಆ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಎತ್ತಿರಲಿಲ್ಲ. ರಾಮಣ್ಣ ಅಂಬಮ್ಮನ ಒಡಹುಟ್ಟಿದ ಅಣ್ಣ. ಅದೇ ಕಮಲಾಪುರದಲ್ಲಿ ಹಳ್ಳದ ಆಚೆ ಅವನ ಬಾಳೆತೋಟ, ಈಚೆ ಅವಳದು. ಅವನ ತೋಟಕ್ಕೆ ಸೊರಗು ರೋಗ ಬಿದ್ದ ವರ್ಷ, ಅದನ್ನು ಒಪ್ಪದ ಅವನು ತಂಗಿಯ ಹೊಸ ತೋಟಕ್ಕೆಂದು ಬಂಡಿ ತುಂಬ ಬಾಳೆಯ ಕಂದುಗಳನ್ನು ಹೇರಿಕೊಂಡು ತವರಿನ ಉಡುಗೊರೆಯಾಗಿ ತಂದಿದ್ದ. ಕಂದಿನ ಜೊತೆ ರೋಗವೂ ಬಂದೀತೆಂದು ಅಂಬಮ್ಮ ಬಂಡಿಯನ್ನು ಬೇಲಿಯ ಹೊರಗೇ ತಡೆದು, ಅಣ್ಣನಿಗೂ 'ಮೊಣಕಾಲಮಟ ತೊಳಕೊಂಡು ಒಳಗ ಬಾ' ಎಂದಿದ್ದಳು. ಅಂದಿನಿಂದ ಅವನು ಇತ್ತ ಸುಳಿದಿರಲಿಲ್ಲ. ಎರಡು ಪಂಚಮಿಗಳು ತವರಿನ ಕರೆಯಿಲ್ಲದೆ ಕಳೆದಿದ್ದವು.

ಅಂಬಮ್ಮ ಅಳಿಯನನ್ನು ನೋಡಿದಳು; ಕ್ಯಾನನ್ನು ನೋಡಿದಳು. ಮುಚ್ಚಳವನ್ನು ಹಾಕಿ, ಬಿಗಿಯಾಗಿ ತಿರುವಿ, ಸಾಲದೆಂದು ಮತ್ತೊಮ್ಮೆ ತಿರುವಿದಳು.

"ಬ್ಯಾನಿ ನೀರಿನ್ಯಾಗ ಬರ್ತದಂತ ಮೊದಲೇ ಹೇಳಾಕ ನಿಮಗೇನಾಗಿತ್ತು?"

"ಹೋಳಿಗಿ ಉಣ್ಣಾಕತ್ತಿದ್ದೆರಿ."

"ಕ್ಯಾನು ಇಲ್ಲಿಂದ ದೂರ ಇಡ್ರಿ. ಗೇಟಿನ ಹೊರಗ. ಆಟೋದಾಂವಗ ಕಾಯಾಕ ಹೇಳ್ರಿ." ಹಾಗೆಂದವಳೇ ಬೋಗುಣಿಯ ಬಳಿ ಬಂದು, ಸೀರೆಯನ್ನು ಎತ್ತಿ ಕಟ್ಟಿ, ಬಗ್ಗಿ ನೋಡಿದಳು. "ಇದೇನವ್ವಾ, ಇಷ್ಟು ತೆಳ್ಳಗ? ನಮ್ಮ ತ್ವಾಟದ ಬಾಗಿಲಾಗ ಇದಕ್ಕಿಂತ ಗಟ್ಟಿ ಕಲಸ್ತೀವಿ. ನೀವು ದೊಡ್ಡ ಸಾಲಿ ಕಲ್ತೋರು, ಇನ್ನೊಂದು ಚಿಟಿಕಿ ಪುಡಿ ಹಾಕ್ರಿ."

ಡಾಕ್ಟರ್ ಹಾಜಿರಾ ತಲೆಬಾಗಿ ಇನ್ನೊಂದು ಚಿಟಿಕೆ ಹಾಕಿದರು. ಅಂಬಮ್ಮ ಮೊಣಕಾಲವರೆಗೆ ತೊಳೆದಳು. ಸಾಬೂನನ್ನು ಮೂರು ಸಲ ಹಚ್ಚಿ, ಬಳೆಗಳ ಸಂದಿಯನ್ನೂ ಉಂಗುರದ ಕೆಳಗನ್ನೂ ಉಜ್ಜಿದಳು. ಕ್ಯಾನನ್ನು ಅಪ್ಪಿ ತಂದ ಸೀರೆಯ ಮೇಲೆ ಹಾಜಿರಾ ತೋರಿಸಿದ ಬಿಳಿಯ ನಿಲುವಂಗಿಯನ್ನು ತೊಟ್ಟಳು. ಖಣಗಳನ್ನೂ ಕೊಬ್ಬರಿ ಬಟ್ಟಲುಗಳನ್ನೂ ಅಕ್ಕಿಯನ್ನೂ ಅವಳೇ ಹೊರಗಿನ ಕುರ್ಚಿಯ ಮೇಲೆ ಬಿಟ್ಟು, ಬರಿಗೈಯಲ್ಲಿ ಒಳಹೊಕ್ಕಳು. ತೊಟ್ಟಿಯಿಂದ ಎರಡು ಮಾರು ದೂರ ನಿಲ್ಲಬೇಕೆಂದು ಯಾರೂ ಹೇಳಬೇಕಾಗಲಿಲ್ಲ.

ಗಾಜಿನ ಹಿಂದೆ ಏಳು ಸಿಂಪಿಗಳು ಸಾಲಾಗಿ ನಿಂತಿದ್ದವು. ಅರೆತೆರೆದ ಕದಗಳ ನಡುವೆ ಹಾಲಿನ ಕೆನೆಯಂಥ ಮೈ ಕಾಣುತ್ತಿತ್ತು.

"ನೆಟ್ಟಗ ನಿಂತಾವ ನೋಡ್ರಿ, ಸಾಲಿ ಹುಡುಗ್ಯಾರಂಗ" ಎಂದು ಪಿಸುಗುಟ್ಟಿ ಅಂಬಮ್ಮ ದೃಷ್ಟಿ ತೆಗೆಯಲೆಂದು ಎರಡೂ ಕೈಗಳನ್ನು ಮುಂದೆ ಚಾಚಿದಳು. ಕಿಟಕಿಯ ಬೆಳಕಿನಲ್ಲಿ ಅವಳ ಕೈಗಳ ನೆರಳು ತೊಟ್ಟಿಯ ಮೇಲೆ ಹಾದುಹೋಯಿತು. ತಟ್ಟನೆ, ಒಂದಾದ ಮೇಲೊಂದು, ಏಳೂ ಕದ ಮುಚ್ಚಿದವು.

"ಯವ್ವಾ! ಸಿಟ್ಟಾದ್ವೇನು?"

"ಇಲ್ಲಮ್ಮಾ" ಎಂದರು ಹಾಜಿರಾ. "ಆರಾಮ ಇದ್ರ ಹಿಂಗ ಜಲ್ದಿ ಮುಚ್ಚತಾವ. ಬ್ಯಾನಿ ಬಂದಿದ್ರ ಮುಚ್ಚಾಕ ತ್ರಾಣ ಇರಾಂಗಿಲ್ಲ."

ಅಂಬಮ್ಮ ನೆಟಿಗೆ ಮುರಿದಳು. ಹತ್ತೂ ಬೆರಳು ಒಟ್ಟಿಗೆ ಲಟಲಟನೆ ಮಾತಾಡಿದವು. ಹೊರಗೆ ಬಂದು ಚಹಾ ಕುಡಿದಳು. ಮಾಮುವಿಗೆ ಕಡಿಮೆಯಾಗಬಾರದೆಂಬಂತೆ ಎರಡು ಕಪ್ ಕುಡಿದಳು. ಬಾಳೆಗೊನೆಯನ್ನು ಹಾಜಿರಾರ ಮೇಜಿಗೆ ಬಿಟ್ಟು, ಏಳು ಖಣಗಳಲ್ಲಿ ಒಂದನ್ನು ಅವರ ಉಡಿಗೆ ಹಾಕಿದಳು. ಉಳಿದ ಆರನ್ನು ಮಡಿಸಿ, "ನಡೀರಿ ಅಳಿಯಂದ್ರ, ಕ್ಯಾನು ಹಿಡೀರಿ. ತೀರ್ಥ ಕಾಲಾಗ ಚೆಲ್ಲಾಕ ಬರಾಂಗಿಲ್ಲ" ಎಂದಳು.

ಕಮಲಾಪುರದಲ್ಲಿ ಬಸ್ಸಿಳಿದಾಗ ಬಿಸಿಲು ಇನ್ನೂ ಜೋರಾಗಿತ್ತು. ಮನೆಯ ಹಾದಿಯನ್ನು ಬಿಟ್ಟು ಅಂಬಮ್ಮ ಹಳ್ಳ ದಾಟಿದಳು. ಮಾಲೆ ಬಾಡಿದ ಕ್ಯಾನನ್ನು ಹೆಗಲಿಗೇರಿಸಿಕೊಂಡು ತುಕಾರಾಮ ಹಿಂದೆ ನಡೆದ. ರಾಮಣ್ಣನ ತೋಟದಲ್ಲಿ ಹಳೆಯ ಬಾಳೆಯ ಒಂದು ಬುಡವೂ ಉಳಿದಿರಲಿಲ್ಲ. ಸುಣ್ಣ ಹೊಡೆದ ನೆಲದ ಆಚೆಯ ಹೊಸ ಮಡಿಗಳಲ್ಲಿ ಮೊಣಕಾಲೆತ್ತರದ ಸಸಿಗಳು ಎಲೆ ಬಿಚ್ಚುತ್ತಿದ್ದವು. ಬೇಲಿಯ ಬಾಗಿಲಿನಲ್ಲಿ, ನೆಲಕ್ಕೆ ಹಾಸಿದ ಪರ್ಸಿಕಲ್ಲಿನ ಮೇಲೆ, ಒಂದು ಬಾನಿ. ಅದರ ತುಂಬ ನೇರಳೆ ನೀರು, ಕಡುಗಟ್ಟಿಯಾಗಿ ಕಲಸಿದ್ದು.

ಒಳಗಿನಿಂದ ರಾಮಣ್ಣ ಎದ್ದು ಬಂದು ನಿಂತ. ತಂಗಿಯನ್ನು ನೋಡಿದ. ತಲೆಗೆ ಸುತ್ತಿದ ವಸ್ತ್ರವನ್ನು ಬಿಚ್ಚಿ ಮತ್ತೆ ಸುತ್ತಿದ. ಅಂಬಮ್ಮ ಚಪ್ಪಲಿ ಬಿಟ್ಟು ಬಾನಿಯೊಳಗೆ ಪಾದವಿಟ್ಟಳು.

"ಮೊಣಕಾಲಮಟ" ಎಂದ ರಾಮಣ್ಣ.

"ನನ್ನ ಮಾತು ನನಗೇ ಹೇಳಾಕತ್ತೀಯಲ್ಲೋ ಅಣ್ಣಾ" ಎನ್ನುತ್ತ ಅವಳು ಮೊಣಕಾಲವರೆಗೆ ತೊಳೆದಳು. "ಕೈ ಹಿಡಿ. ರಾಮೇಶ್ವರದ್ದು. ಸಸಿಗಿ ಹಾಕಬ್ಯಾಡ ಮತ್ತ, ಉಪ್ಪಾದ."

ರಾಮಣ್ಣ ತೀರ್ಥಕ್ಕೆಂದು ಬಲಗೈಯನ್ನು ಬಾಗಿಸಿ ಗೋಕರ್ಣ ಮಾಡಿದ. ತುಕಾರಾಮ, ಜೀವಮಾನದಲ್ಲಿ ಮೊದಲ ಸಲ, ತಾನು ಕಲಸದ ಸಮುದ್ರವನ್ನು ಹನಿಯಾಗಿ ಬಗ್ಗಿಸಿದ. ಮುದುಕ ಕಣ್ಮುಚ್ಚಿ ಭಕ್ತಿಯಿಂದ ಹೀರಿದ. ಮರುಕ್ಷಣವೇ ಮುಖ ಕಿವಿಚಿ, ಉಗುಳಲಾರದೆ, ನುಂಗಲಾರದೆ, ಕಡೆಗೆ ನುಂಗಿದ. ಅಂಬಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ತುಕಾರಾಮ ತನ್ನ ಬೆರಳಿಗೆ ಅಂಟಿದ್ದ ಒಂದು ಹನಿಯನ್ನು ನಾಲಿಗೆಯ ಮೇಲಿಟ್ಟು ನೋಡಿ, ಬರೋಬ್ಬರ್ ಎಂದು ತಲೆಯಾಡಿಸಿದ. ಅಣ್ಣ ತಂಗಿ ಒಳಗೆ ನಡೆದರು. ಪರ್ಸಿಕಲ್ಲಿನ ಮೇಲೆ ಅವಳ ನೇರಳೆ ಹೆಜ್ಜೆಗಳು, ಬಿಸಿಲಿಗೆ ಅಂಚಿನಿಂದ ಆರುತ್ತ, ಒಳಮುಖವಾಗಿ ಸಾಲುಗೂಡಿದ್ದವು.

ಇದನ್ನು ಕೇಳಿದ ಎಲ್ಲರ ಮನೆಯ ಕದಗಳು ಮುಚ್ಚಬೇಕಾದಾಗ ಮುಚ್ಚಿ, ತೆರೆಯಬೇಕಾದಾಗ ತೆರೆಯಲಿ; ಅವರ ಮಡಿಗೆ ಸೊರಗು ಬಾರದಿರಲಿ, ನೀರಿಗೆ ನಂಜು ತಾಗದಿರಲಿ; ತವರು ಹತ್ತಿರವಿದ್ದವರಿಗೂ ದೂರವಿದ್ದವರಿಗೂ ಉಡಿ ತುಂಬಿರಲಿ.