ಮೂರನೆಯ ಸೆಲ್

ತೂಬಗೆರೆಯ ದೇವಸ್ಥಾನದ ಪಕ್ಕದ ಚಾವಡಿಯಲ್ಲಿದ್ದ ರೇಡಿಯೋ ಬುಧವಾರ ಬೆಳಿಗ್ಗೆ ಒಂದಿಷ್ಟು ಗೊಣಗಿ ಸುಮ್ಮನಾಯಿತು. ಪಟೇಲ ಅಪ್ಪಯ್ಯಣ್ಣನವರ ಹೆಂಡತಿ ವರಲಕ್ಷ್ಮಮ್ಮನಿಗೆ ಕೈಕಾಲೇ ಆಡಲಿಲ್ಲ. ಬರ್ಮಾದ ಯುದ್ಧಕ್ಕೆ ಹೋಗಿದ್ದ ಮಗ ಗಂಗಣ್ಣ ಶನಿವಾರ ಸಂಜೆ ರೇಡಿಯೋದಲ್ಲಿ ಮಾತನಾಡುವನೆಂದು ಕಾಗದ ಬಂದಿತ್ತು. ಅವನ ದನಿ ಕೇಳಿ ಎರಡು ವರ್ಷವಾಗಿತ್ತು.

"ಈ ಸಲ ನೀವೇ ಹೋಗಿ ಬ್ಯಾಟರಿ ಸರಿಮಾಡಿಸ್ಕೊಂಡು ಬನ್ನಿ," ಎಂದು ಗಂಡನ ಬೆನ್ನು ಹತ್ತಿದಳು.

ವರ್ಷದಿಂದ ಆ ಬ್ಯಾಟರಿ ಹದಿನೈದು ದಿನಕ್ಕೊಮ್ಮೆ ಗಾಡಿಯೇರಿ ದೊಡ್ಡಬಳ್ಳಾಪುರದ ಅಕ್ಕಿ ಗಿರಣಿಗೆ ಹೋಗಿ ಬರುತ್ತಿತ್ತು. ಅಲ್ಲಿ ಎಂಜಿನ್ ಪಕ್ಕ ಕೂತು ಅದಕ್ಕೆ ಕರೆಂಟ್ ತುಂಬುತ್ತಿದ್ದವನು ತೂಬಗೆರೆಯದೇ ಊರಾಚೆ ಕೇರಿಯ ಪಾಪಯ್ಯ. ಚಾವಡಿಯ ಮೆಟ್ಟಿಲು ಮಾತ್ರ ಅವನು ಹತ್ತುವಂತಿರಲಿಲ್ಲ.

ಅಂದೇ ಪಟೇಲರು ಗಿರಣಿಗೆ ತಂದಿಳಿಸಿದ ಬ್ಯಾಟರಿಯ ಮೂರು ಸೆಲ್ಲುಗಳ ಮುಚ್ಚಳವನ್ನು ಪಾಪಯ್ಯ ತೆಗೆದು, ಗಾಜಿನ ಕೊಳವೆಯಲ್ಲಿ ಆಸಿಡ್ ಹೀರಿ ನೋಡಿದ. ಎರಡರಲ್ಲಿ, ಕರೆಂಟ್ ಎಷ್ಟಿದೆಯೆಂದು ತೋರಿಸುವ ಕೊಳವೆಯೊಳಗಿನ ಬುರುಡೆ ಅರ್ಧಕ್ಕಾದರೂ ತೇಲಿತು. ಮೂರನೆಯದರಲ್ಲಿ ತಳ ಹಿಡಿಯಿತು.

"ಇದಕ್ಕೆ ಯಾವ ನೀರು ಹುಯ್ದ್ರಿ ಬುದ್ದಿ? ನಾನು ಹಬೆ ಇಳಿಸಿದ ನೀರು ತುಂಬಿ ಕಳಿಸ್ತೀನಲ್ಲ?"

ಪಟೇಲರು ಸುಳ್ಳು ಹೇಳುವವರಲ್ಲ. "ಕಲ್ಯಾಣಿ ನೀರು ಕಣಪ್ಪ. ನೀನು ಮುಟ್ಟಿದ್ದಲ್ವಾ? ಶುದ್ಧಿ ಮಾಡ್ದೆ ಒಳಗಿಟ್ರೆ ಊರು ಒಪ್ಪುತ್ತಾ? ಪ್ರತಿ ಸಲ ಮೇಲೆ ಚಿಮುಕಿಸಿ ಚೆಂಬಲ್ಲಿ ಉಳಿದಿದ್ದನ್ನೆಲ್ಲ ಈ ಕೊನೇದಕ್ಕೇ ಸುರೀತಿದ್ದೆ."

ಬ್ಯಾಟರಿಗೂ ಮೈಲಿಗೆ ಬಿಡಿಸಲು ಹೊರಟವರು ಇವರೇ ಮೊದಲಿರಬೇಕು. ಪಾಪಯ್ಯ ಮುಚ್ಚಳ ಒರೆಸಿ ಕೆಳಗಿಟ್ಟ. ಅವನಿಗೆ ನೋವಾಗಿತ್ತು.

"ಕುಡಿಯೋಕೆ ಒಳ್ಳೇ ನೀರೇ ಬುದ್ದಿ. ಅದ್ರಲ್ಲಿರೋ ಉಪ್ಪು ಒಳಗಿನ ಸೀಸಕ್ಕೆ ಆಗಲ್ಲ, ಅಷ್ಟೇ."

"ಹಂಗಾದ್ರೆ ಹೋಯ್ತಾ?"

"ನೋಡೋಣ. ಆಸಿಡ್ ಬದಲಾಯಿಸಿ ಸಣ್ಣಗೆ ಕರೆಂಟ್ ಬಿಡ್ತೀನಿ. ಇವೆರಡು ತುಂಬಿದ್ರೂ ನಿಲ್ಸಲ್ಲ. ಹಿಂದೆ ಬಿದ್ದಿರೋದು ಸಮಕ್ಕೆ ಬರೋವರ್ಗೂ ಬಿಡ್ತಾನೇ ಇರ್ಬೇಕು. ಇಲ್ಲಿ ಬೀಡಿ ಮಾತ್ರ ಹಚ್ಬೇಡಿ, ಇದ್ರಿಂದ ಏಳೋ ಗಾಳಿಗೆ ಬೆಂಕಿ ಹತ್ಕೊಳ್ಳುತ್ತೆ."

ಪಟೇಲರು ಗಿರಣಿಯಲ್ಲೇ ಉಳಿದರು. ಗುರುವಾರ ಎರಡು ಸೆಲ್ಲುಗಳಲ್ಲಿ ಗುಳ್ಳೆ ಏಳತೊಡಗಿತು, ಮೂರನೆಯದು ಅಲ್ಲಾಡಲಿಲ್ಲ. ಪಾಪಯ್ಯ ಗಂಟೆಗೊಮ್ಮೆ ಬಂದು, ಜ್ವರದ ಮಗುವನ್ನು ಮುಟ್ಟಿ ನೋಡುವಂತೆ ಅದರ ಬಿಸಿ ನೋಡಿ ಹೋಗುತ್ತಿದ್ದ. ಶುಕ್ರವಾರ ಮಧ್ಯಾಹ್ನ ಮೂರನೆಯದರಲ್ಲಿ ಒಂದೇ ಒಂದು ಗುಳ್ಳೆ ಎದ್ದಿತು. ಆಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ಮೂರೂ ಒಂದೇ ಸಮ ಕುದಿಯುತ್ತಿದ್ದವು, ಬುರುಡೆ ಮೂರರಲ್ಲೂ ಒಂದೇ ಗೆರೆಗೆ ನಿಂತಿತು. ಬೆಂಕಿಯಿಲ್ಲದ ಆ ಕುದಿತವನ್ನು ಅಪ್ಪಯ್ಯಣ್ಣ ಬೆರಗಾಗಿ ನೋಡಿದರು. ಆಸಿಡ್ ಸುಟ್ಟು ಕಲೆಯಾಗಿದ್ದ ಪಾಪಯ್ಯನ ಕೈಗಳನ್ನೂ ನೋಡಿದರು. ಇಷ್ಟು ವರ್ಷ ಇವನ ಬಗ್ಗೆ ತಮಗೇನೂ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುದಿನ ಅವನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೊರಟರು.

ಶನಿವಾರ ಸಂಜೆ ಚಾವಡಿ ತುಂಬಿತ್ತು. ಅರ್ಚಕ ನರಸಿಂಹಯ್ಯನವರು ಕಲ್ಯಾಣಿ ನೀರಿನ ಚೆಂಬು ಹಿಡಿದು ಕಾದಿದ್ದರು.

"ಬೇಡ ಸ್ವಾಮಿ," ಎಂದ ಪಟೇಲರು ಬೀದಿಯಲ್ಲೇ ನಿಂತಿದ್ದ ಪಾಪಯ್ಯನತ್ತ ತಿರುಗಿದರು. "ಮೇಲೆ ಬಾರಪ್ಪ. ತಂತಿ ನೀನೇ ಸೇರಿಸು."

"ಇದೇನು ಪಟೇಲರೇ, ದೇವರಿಗೆ ಏನಂತ ಹೇಳೋದು?" ಅರ್ಚಕರು ಚೆಂಬು ಇಳಿಸಲಿಲ್ಲ.

"ನಾನೇ ಹೇಳ್ಕೋತೀನಿ."

ನಾಲ್ಕು ಜನ ಎದ್ದು ಹೋದರು. ಪಾಪಯ್ಯ ಮೆಟ್ಟಿಲು ಹತ್ತಿ ತಂತಿ ಸೇರಿಸಿದ. ರೇಡಿಯೋದ ಗುಂಡಿಗಳ ಮುಂದೆ ಅವನ ಕೈ ನಿಂತಿತು.

"ಯಾವ್ದು ತಿರುಗಿಸ್ಬೇಕು ಬುದ್ದಿ? ನಾನು ಇದನ್ನ ಒಂದಿನಾನೂ ನೋಡಿಲ್ಲ."

ಪಟೇಲರು ಅವನ ಪಕ್ಕಕ್ಕೆ ಬಂದು ನಿಂತರು. ಗುಂಡಿಯನ್ನು ತಾವೇ ತಿರುಗಿಸಿದರು. ಬೇರೆ ಸಿಪಾಯಿಗಳ ಒಂದಿಷ್ಟು ಹೆಸರುಗಳು ಬಂದುಹೋದವು. ಕಡೆಗೆ, "ಅಮ್ಮಾ, ನಾನು ಗಂಗಣ್ಣ. ಚೆನ್ನಾಗಿದ್ದೀನಿ, ಅಳ್ಬೇಡ!" ಎಂಬ ದನಿ ಚಾವಡಿಯನ್ನು ತುಂಬಿತು. ವರಲಕ್ಷ್ಮಮ್ಮ ಎರಡೂ ಕೈಯಿಂದ ಪೆಟ್ಟಿಗೆಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಪಾಪಯ್ಯ ಬಾಯಿ ಬಿಟ್ಟುಕೊಂಡು ನಿಂತಿದ್ದ. ದನಿ ಮುಗಿದ ಮೇಲೆ ಎಚ್ಚೆತ್ತವನಂತೆ ಮೆಟ್ಟಿಲಿನತ್ತ ಹೊರಟ.

"ಎಲ್ಲಿಗೆ? ವಾರ್ತೆ ಇನ್ನೂ ಇದೆ, ಕೂತ್ಕೋ," ಎಂದು ಅಪ್ಪಯ್ಯಣ್ಣ ತಮ್ಮ ಚಾಪೆಯ ಮೇಲೆ ಸರಿದು ಜಾಗ ಮಾಡಿದರು.