ಪುಕ್ಕಟೆ ತಪಾಸಣೆ

ಅರ್ಫಾಳಿಗೆ ಜರ್ಮನಿಯಲ್ಲಿ ರೋಗಿಯನ್ನು ಮುಟ್ಟುವ ಅಧಿಕಾರವಿರಲಿಲ್ಲ. ಪುತ್ತೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವಳು ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿದ ಗಂಡನ ಜೊತೆ ಬಂದು, ಇಲ್ಲಿ ಅವನ ಹೆಂಡತಿ ಮಾತ್ರ ಆಗಿದ್ದಳು. ಗಂಡ ಸುಹೈಲ್ ಬೆಳಿಗ್ಗೆ ಸೇಂಟ್ ಲಿಯೋನ್-ರೋಟ್‌ನ ಆಫೀಸಿಗೆ ಹೋದರೆ ಅವಳು ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದಳು. ಹೆಂಡತಿ ಏನು ಮಾಡುತ್ತಾಳೆ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ಸುಹೈಲ್ "ಜರ್ಮನ್ ಕಲಿಯುತ್ತಿದ್ದಾಳೆ" ಎನ್ನುತ್ತಿದ್ದ.

ಕ್ಲಾಸಿನಲ್ಲಿ ಅವಳ ಪಕ್ಕ ಕೂರುತ್ತಿದ್ದವರು ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ತಂದೂರಿ ಒಲೆಯ ಮುಂದೆ ನಿಲ್ಲುವವರು. ಕೆಲಸದ ದಾರಿ ತೆರೆದದ್ದು ಅವರಿಂದಲೇ. ಹಿಂದಿನ ವರ್ಷ ಹೊಸ ಕಾನೂನು ಬಂದಿತ್ತು. ಹೋಟೆಲಿನಲ್ಲಿ ಅಡುಗೆ ಕೆಲಸಕ್ಕೆ ಹೊಸದಾಗಿ ಸೇರುವವರು ನಗರದ ಆರೋಗ್ಯ ಇಲಾಖೆಯಾದ ಗೆಸುಂಡ್‌ಹೈಟ್ಸ್‌ಆಮ್ಟ್‌ಗೆ ಹೋಗಿ, ಶುಲ್ಕ ಕಟ್ಟಿ, ಶುಚಿತ್ವದ ಪಾಠ ಕೇಳಿ ಸರ್ಟಿಫಿಕೇಟ್ ತರಬೇಕು. ಪಾಠ ಜರ್ಮನ್‌ನಲ್ಲಿ. ಅರ್ಧ ಜನ ಏನೂ ತಿಳಿಯದೆ ತಲೆಯಾಡಿಸಿ ಸಹಿ ಹಾಕಿ ಬರುತ್ತಿದ್ದರು. ಒಬ್ಬಾತನಿಗೆ ಅರ್ಥ ಹೇಳಲು ಅರ್ಫಾ ಜೊತೆಗೆ ಹೋದಳು. ಅವಳು ಹಿಂದಿಯಲ್ಲಿ ಶುರುಮಾಡಿದ ಮೇಲೆ ಹಿಂದಿನ ಸಾಲಿನವರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಇಲಾಖೆಯ ಡಾಕ್ಟರಮ್ಮ ಫ್ರಾವ್ ಲೇನರ್ಟ್ ಇದನ್ನು ನೋಡಿದರು.

ಈ ಪಾಠವನ್ನು ಇಲಾಖೆ ಹೊರಗಿನ ಡಾಕ್ಟರಿಗೆ ಗುತ್ತಿಗೆ ಕೊಡಬಹುದಿತ್ತು. ಶುಲ್ಕ ನಗರದ ಖಜಾನೆಗೆ, ಡಾಕ್ಟರಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ. ಅದಕ್ಕೆ ಅರ್ಫಾಳಿಗೆ ತಾತ್ಕಾಲಿಕ ವೈದ್ಯ ಪರವಾನಗಿ ಬೇಕಿತ್ತು. ಇಲಾಖೆಯಿಂದಲೇ ಶಿಫಾರಸು ಬರೆಯುತ್ತೇನೆ, ಡಿಸೆಂಬರಿನಲ್ಲಿ ಗುತ್ತಿಗೆಗೆ ಸಹಿ ಹಾಕೋಣ ಎಂದರು ಲೇನರ್ಟ್.

"ನನಗೆ ದುಡ್ಡು ಬೇಡ. ಸೇವೆ ಅಂತ ಮಾಡುತ್ತೇನೆ. ಆ ಜನರ ಶುಲ್ಕ ಇಳಿಸಿ," ಎಂದಳು ಅರ್ಫಾ ಇಂಗ್ಲಿಷಿನಲ್ಲಿ.

ಲೇನರ್ಟ್ ನಗಲಿಲ್ಲ. "ಪುಕ್ಕಟೆ ಎಂಬುದು ನಮ್ಮ ದರಪಟ್ಟಿಯಲ್ಲಿಲ್ಲ. ದುಡ್ಡು ಪಡೆದವರನ್ನು ನಾವು ಪ್ರಶ್ನೆ ಕೇಳಬಹುದು. ಪುಕ್ಕಟೆ ಮಾಡಿದವರನ್ನು ಏನೆಂದು ಕೇಳುವುದು?"

ನವೆಂಬರಿನಲ್ಲಿ ಕನ್ನಡಿಗರ ರಾಜ್ಯೋತ್ಸವ. ಚರ್ಚಿನ ಹಾಲ್ ಗೊತ್ತುಮಾಡಿದವನು ಮಂಗಳೂರಿನ ಪೀಟರ್, ಸುಹೈಲನ ಸಹೋದ್ಯೋಗಿ. ಉಸ್ತುವಾರಿ ಪೀಟರನ ಹೆಂಡತಿ ರೆಬೆಕಾಳದ್ದು.

"ಕಾರ್ಯಕ್ರಮ ಅಂದ ಮೇಲೆ ಒಂದು ಶಿಬಿರ ಬೇಡ್ವಾ?" ಎಂದಳು ರೆಬೆಕಾ. "ಊರಲ್ಲಿ ಕ್ರಿಕೆಟ್ ಮ್ಯಾಚಿಗೂ ರಕ್ತದಾನ ಇಡ್ತಾರೆ. ಮೂಲೆಯಲ್ಲೊಂದು ಮೇಜು ಹಾಕ್ತೇನೆ, ನೀನು ಬಿಪಿ ನೋಡು ಮಾರಾಯ್ತಿ, ಸಾಕು."

ಅರ್ಫಾ ಒಪ್ಪಿದಳು. ಊರಿನಲ್ಲಿ ಇಂಥ ಹತ್ತಾರು ಮೇಜುಗಳ ಹಿಂದೆ ಕೂತವಳು. ರೆಬೆಕಾ ಅಷ್ಟಕ್ಕೇ ನಿಲ್ಲಲಿಲ್ಲ. ತನ್ನ ಹೊಸ ಜರ್ಮನ್‌ನಲ್ಲಿ ಒಂದು ಪ್ರಕಟಣೆ ಬರೆದು ನಗರಸಭೆಯ ವಾರಪತ್ರಿಕೆಗೇ ಕಳಿಸಿದಳು: ಕೋಲಾಟ, ಭಾಷಣ, ಊಟ, ಡಾಕ್ಟರ್ ಅರ್ಫಾ ಅವರಿಂದ ಉಚಿತ ಆರೋಗ್ಯ ತಪಾಸಣೆ. ಅಚ್ಚಾದ ಪುಟವನ್ನು ಕತ್ತರಿಸಿ ಹಾಲಿನ ಬಾಗಿಲಿಗೆ ಅಂಟಿಸಿದರು. ಅದರಲ್ಲಿ ತಪ್ಪಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಪೀಟರ್ ಊಟದ ಹೊತ್ತಿಗೆ ಮೇಜಿನ ಮುಂದೆ ಕೂತ. "ಬೇಗ ನೋಡಿ ಡಾಕ್ಟ್ರೇ. ಅಲ್ಲಿ ನೀರುದೋಸೆ ಖಾಲಿ ಆಗ್ತಾ ಉಂಟು."

ಅರ್ಫಾ ಒಂದು ತೋಳಿನಲ್ಲಿ ಬಿಪಿ ನೋಡಿದಳು. ಇನ್ನೊಂದು ತೋಳಿನಲ್ಲೂ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದಳು. ವಿಪರೀತ ಏರಿದ್ದ ಬಿಪಿ ಇಳಿದಿರಲಿಲ್ಲ.

"ತಲೆನೋವು ಉಂಟಾ?"

"ಅದು ನಮ್ಮ ಮ್ಯಾನೇಜರ್ ಕೊಟ್ಟದ್ದು."

"ಕಣ್ಣು ಮಂಜಾಗ್ತದಾ?"

ಪೀಟರ್ ತಮಾಷೆ ನಿಲ್ಲಿಸಿದ. "ಸಂಜೆ ಹೊತ್ತು. ಸ್ವಲ್ಪ."

ಅವಳು ಗಂಡನನ್ನು ಕರೆದಳು. "ಕಾರು ತೆಗೀರಿ. ಇವರನ್ನು ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಎಂತ ಡಾಕ್ಟ್ರೇ, ಊಟಕ್ಕೇ ಕಲ್ಲು ಹಾಕಿದ್ರಲ್ಲ."

"ದೋಸೆ ಕಟ್ಟಿಸಿ ಇಡ್ತೇನೆ. ಏಳಿ."

ಆಸ್ಪತ್ರೆಯವರು ಪೀಟರನನ್ನು ವಾರಕ್ಕೂ ಮೇಲೆ ಇಟ್ಟುಕೊಂಡರು. ಇನ್ನೂ ತಡವಾಗಿದ್ದರೆ ಆ ಬಿಪಿಗೆ ಕಿಡ್ನಿ ಉಳಿಯುತ್ತಿರಲಿಲ್ಲ ಎಂದು ರೆಬೆಕಾಳಿಗೆ ಹೇಳಿದರು.

ಅವನು ಇನ್ನೂ ಅಲ್ಲಿರುವಾಗಲೇ ಅರ್ಫಾಳಿಗೆ ಇಲಾಖೆಯಿಂದ ಕರೆ ಬಂತು. ಲೇನರ್ಟ್ ಅವರ ಮೇಜಿನ ಮೇಲೆ ಆ ವಾರಪತ್ರಿಕೆಯಿತ್ತು. ಅವರು ಎದ್ದು ಬಾಗಿಲು ಮುಚ್ಚಿದರು.

"ಪರವಾನಗಿ ಇಲ್ಲದೆ ತಪಾಸಣೆ ಮಾಡಿದ್ದೀರಿ ಎಂದಾದರೆ ನಾನು ಶಿಫಾರಸು ಬರೆಯುವಂತಿಲ್ಲ. ಇನ್ನೆರಡು ವರ್ಷ ಗುತ್ತಿಗೆಯೂ ಇಲ್ಲ. ಆದರೆ ನೀವು ಬಿಪಿ ಯಂತ್ರ ಬಳಸುವ ಕ್ರಮ ತೋರಿಸಿದಿರಿ, ಅಷ್ಟೇ. ಯಾರಿಗೂ ಸಲಹೆ ಕೊಡಲಿಲ್ಲ. ಹಾಗೆಂದು ಒಂದು ಸಾಲು ಬರೆದುಕೊಡಿ. ನಾನು ಇದನ್ನು ಇಲ್ಲಿಗೇ ಮುಗಿಸುತ್ತೇನೆ."

ಮನೆಯಲ್ಲಿ ಸುಹೈಲನೂ ಅದನ್ನೇ ಹೇಳಿದ. "ಬರೆದುಬಿಡು. ಒಂದು ಸಾಲು ಅಲ್ವಾ? ಯಾರಿಗೆ ನಷ್ಟ?"

"ಸಲಹೆ ಕೊಡಲಿಲ್ಲ ಅಂತ ಬರೆದ್ರೆ ಪೀಟರನ್ನು ಆಸ್ಪತ್ರೆಗೆ ಕಳಿಸಿದ್ದು ಯಾರು? ನೀವಾ?"

"ನಾನು ಬರೀ ಡ್ರೈವರ್."

ಅವಳು ನಗಲಿಲ್ಲ. ಸುಹೈಲ್ ದನಿ ತಗ್ಗಿಸಿದ. "ಬಂದಾಗಿನಿಂದ ನೀನು ಕಾಯ್ತಾ ಇದ್ದದ್ದು ಇದಕ್ಕೇ ಅಲ್ವಾ?"

"ಕಾಯ್ತಾ ಇದ್ದದ್ದು ಡಾಕ್ಟರ್ ಆಗ್ಲಿಕ್ಕೆ. ನಾನು ಡಾಕ್ಟರ್ ಕೆಲಸ ಮಾಡ್ಲೇ ಇಲ್ಲ ಅಂತ ಬರೆದುಕೊಟ್ಟು ಡಾಕ್ಟರ್ ಆಗುವುದಾ?"



ಅರ್ಫಾ ಮರುದಿನ ಬರೆದುಕೊಟ್ಟದ್ದು ಕೆಲವೇ ಸಾಲು. ಇಲ್ಲಿನ ನಿಯಮ ವಿಚಾರಿಸದೆ ತಪಾಸಣೆಗೆ ಕೂತದ್ದು ನನ್ನ ತಪ್ಪು. ಬಂದವರನ್ನು ಪರೀಕ್ಷಿಸಿದ್ದು ನಿಜ. ಒಬ್ಬರನ್ನು ಆಸ್ಪತ್ರೆಗೆ ಹೋಗಲು ಹೇಳಿದ್ದು ನಿಜ, ನಾಳೆ ಬಂದರೂ ಅದನ್ನೇ ಹೇಳುತ್ತೇನೆ. ದುಡ್ಡು ಪಡೆದಿಲ್ಲ. ಆದರೂ ಪ್ರಶ್ನೆಯನ್ನು ನನ್ನನ್ನೇ ಕೇಳಬೇಕು.

ಲೇನರ್ಟ್ ಎರಡು ಸಲ ಓದಿದರು. "ಇದಾದ ಮೇಲೆ ನಾನು ಗುತ್ತಿಗೆ ಕೊಡಲಾರೆ."

"ಗೊತ್ತು," ಎಂದಳು ಅರ್ಫಾ. ಕೋಟು ತೊಟ್ಟು ಗುಂಡಿ ಹಾಕಿಕೊಂಡು ಹೊರಗೆ ಬಂದಳು. ಅಲ್ಲಿನ ಬೆಂಚಿನಲ್ಲಿ ಹೊಸ ತಂಡವೊಂದು ಪಾಠಕ್ಕೆ ಕಾದಿತ್ತು. ಪರಿಚಯದ ಅಡುಗೆಯವನೊಬ್ಬ ಎದ್ದು ನಿಂತು "ನಮಸ್ತೆ ಡಾಕ್ಟರ್‌ಜಿ" ಎಂದ. ಅವಳು ನಿಂತು ಅವನ ಬೆರಳಿನ ಸುಟ್ಟ ಗಾಯ ನೋಡಿ, ಇದನ್ನು ಡಾಕ್ಟರಿಗೆ ತೋರಿಸಿ ಬಟ್ಟೆ ಕಟ್ಟಿಸದೆ ಹಿಟ್ಟು ಮುಟ್ಟಬೇಡ ಎಂದು ಗದರಿ ಹೋದಳು.

ಪೀಟರ್ ಕೆಲಸಕ್ಕೆ ಮರಳಿದ ದಿನ ಕ್ಯಾಂಟೀನಿನಲ್ಲಿ ಜರ್ಮನ್ ಸಹೋದ್ಯೋಗಿಯೊಬ್ಬ ಸುಹೈಲನನ್ನು ಕೇಳಿದ, ನಿನ್ನ ಹೆಂಡತಿ ಏನು ಮಾಡುತ್ತಾಳೆ ಎಂದು.

"ಡಾಕ್ಟರ್," ಎಂದ ಸುಹೈಲ್. ಅವನ ದನಿ ಅಕ್ಕಪಕ್ಕದ ಮೇಜುಗಳಿಗೂ ಕೇಳಿಸಿತು.

"ಜೋರು ಡಾಕ್ಟರ್ ಮಾರಾಯ," ಎಂದ ಪೀಟರ್, ಉಪ್ಪಿಲ್ಲದ ಸೂಪನ್ನು ಚಮಚದಿಂದ ಕಲಕುತ್ತ.

ಹೋದದ್ದು ಇಷ್ಟು: ಒಂದು ಗುತ್ತಿಗೆ, ಎರಡು ವರ್ಷ, ಕಟ್ಟಿಸಿಟ್ಟು ಹಳಸಿದ ಆರು ನೀರುದೋಸೆ.